ಹುಲಕುಂದದ ದಪ್ಪು, ಬೆಂಗಳೂರಿನ ಗಿಟಾರು

ಊರಿಗೆ ಹಾಡುವ ಮೇಳ ಬಂದರೆ ನಮ್ಮ ಬೆಳಗಾವಿ ಸೀಮೆಯ ಹಿರಿಯರು ಕಟ್ಟೆಯ ಮೇಲೆ ಕುಳಿತೇ ಎರಡು ಮಾತು ವಿಚಾರಿಸುತ್ತಾರೆ. ‘ಯಾ ಊರ ಮ್ಯಾಳ?’ ಎಂಬುದು ಒಂದು. ‘ಪದಾ ಕಟ್ಟಿದವ್ರು ಯಾರು?’ ಎಂಬುದು ಇನ್ನೊಂದು. ಚಹಾ, ಎಲೆ ಅಡಿಕೆ ಎಲ್ಲ ಆಮೇಲೆ. ರಾಕ್ ಬ್ಯಾಂಡಿನ ಚರಿತ್ರೆ ಬರೆಯಲು ಕುಳಿತವನಿಗೆ ಇವಕ್ಕಿಂತ ಒಳ್ಳೆಯ ಪ್ರಶ್ನೆಗಳು ಸಿಗಲಾರವು. ಯಾಕೆಂದರೆ ದೇಶದ ರಾಕ್ ರಾಜಧಾನಿ ಎಂದು ಹೆಸರಾದ ಬೆಂಗಳೂರಿನ ಬ್ಯಾಂಡುಗಳು ಬಹಳ ವರ್ಷ ಮೊದಲ ಪ್ರಶ್ನೆಗೆ ಎದೆಯುಬ್ಬಿಸಿ ಉತ್ತರ ಕೊಡುತ್ತಿದ್ದವು, ಎರಡನೆಯದಕ್ಕೆ ತಲೆ ಕೆಳಗೆ ಹಾಕುತ್ತಿದ್ದವು.

ಕಾಲೇಜು ಹಬ್ಬಗಳಲ್ಲಿ, ಪಬ್ಬುಗಳಲ್ಲಿ ಅವರು ನುಡಿಸುತ್ತಿದ್ದದ್ದು ಲಂಡನ್ನಿನ, ಅಮೆರಿಕದ ಬ್ಯಾಂಡುಗಳ ಹಾಡು. ಗಿಟಾರಿನ ಒಂದು ಸ್ವರ ತಪ್ಪಿದರೂ ಗುರುತು ಹಿಡಿಯುವಂಥ ಕೇಳುಗರಿದ್ದರು. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2002ರಲ್ಲಿ, ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿದರು. ಜನ ಪದಕ್ಕೆ ಪದ ಸೇರಿಸಿ ಕೂಗಿದರು. ಆದರೆ ಅದೇ ಜನ, ಅದೇ ಊರಿನ ಹುಡುಗರು ತಾವೇ ಕಟ್ಟಿದ ಹಾಡು ಎತ್ತಿಕೊಂಡರೆ, ‘ಅದು ಸಾಕು, ಡೀಪ್ ಪರ್ಪಲ್ ಹಾಕ್ರಪ್ಪಾ’ ಎನ್ನುತ್ತಿದ್ದರು.

ಈ ರೂಢಿಯನ್ನು ಹಟ ಹಿಡಿದು ಮುರಿದವರಲ್ಲಿ ಮೊದಲು ನೆನೆಯಬೇಕಾದದ್ದು 1996ರಲ್ಲಿ ಶುರುವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’. ಬ್ರೂಸ್ ಲೀ ಮಣಿ, ರಾಜೀವ್ ರಾಜಗೋಪಾಲ್ ಮತ್ತವರ ಗೆಳೆಯರು ತಮ್ಮದೇ ಹಾಡುಗಳನ್ನು ತಮ್ಮದೇ ಖರ್ಚಿನಲ್ಲಿ ಮುದ್ರಿಸಿಕೊಂಡರು. ‘ಪ್ಲಾನ್ ಬಿ’ ಎಂಬ ಆಲ್ಬಂ ಅನ್ನು 2005ರಲ್ಲಿ ಅಂತರ್ಜಾಲದಲ್ಲಿ ಪುಕ್ಕಟೆ ಬಿಟ್ಟರು. ಅವರ ಹಾಡು ಬೆಂಗಳೂರಿನ ಬೀದಿಯದ್ದು, ಆಟೊರಿಕ್ಷಾದ್ದು, ಮತಪೆಟ್ಟಿಗೆಯದ್ದು. ಭಾಷೆ ಮಾತ್ರ ಇಂಗ್ಲಿಷು. ಹೀಗಾಗಿ ಆ ಹಾಡು ಎಂ.ಜಿ. ರಸ್ತೆಯಿಂದ ಹೊರಟು ಮುಂಬೈ ಮುಟ್ಟಿತೇ ಹೊರತು ತುಮಕೂರು ದಾಟಿ ಈ ಕಡೆ ಬರಲಿಲ್ಲ. ಇದು ದೂರಲ್ಲ. ಬೈಲಹೊಂಗಲದಲ್ಲಾಗಲಿ ರಾಮದುರ್ಗದಲ್ಲಾಗಲಿ ಆ ಹಾಡಿಗಾಗಿ ಯಾರೂ ಕಾದು ಕುಳಿತಿರಲೂ ಇಲ್ಲ.

ಕುದುರೆ ಕಟ್ಟಿಕೊಂಡು ಬಂದವರು

ನಾನು ಹೇಳಹೊರಟ ಕಥೆ ಇವರ ನಂತರದ್ದು. ಮೈಸೂರಿನ ಹುಡುಗ ವಾಸು ದೀಕ್ಷಿತ್ 2002ರಲ್ಲಿ ಬೆಂಗಳೂರಿನಲ್ಲಿ ‘ಸ್ವರಾತ್ಮ’ ಎಂಬ ಬ್ಯಾಂಡು ಕಟ್ಟಿದರು. ಮೊದಲ ನಾಲ್ಕು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಬ್ಯಾಂಡು ಎಂದರೆ ಹಾಗೆಯೇ. ಒಬ್ಬನಿಗೆ ನೌಕರಿ ಸಿಗುತ್ತದೆ, ಇನ್ನೊಬ್ಬನ ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ, ಮೂರನೆಯವನಿಗೆ ಡ್ರಮ್ಸ್ ಇಡಲು ಜಾಗವಿರುವುದಿಲ್ಲ. 2006ರಲ್ಲಿ ಎಫ್‌ಎಂ ಕೇಂದ್ರವೊಂದು ನಡೆಸಿದ ‘ರೇಡಿಯೊ ಸಿಟಿ ಲೈವ್’ ಸ್ಪರ್ಧೆಯನ್ನು ಗೆದ್ದ ಮೇಲೆ ಬ್ಯಾಂಡಿಗೆ ಮೈ ತುಂಬಿತು. ಬೇಸ್ ಗಿಟಾರಿಗೆ ಜಿಷ್ಣು ದಾಸ್‌ಗುಪ್ತಾ, ತಾಳವಾದ್ಯಗಳಿಗೆ ಪವನ್ ಕುಮಾರ್, ಡ್ರಮ್ಸ್‌ಗೆ ಮಾಂಟ್ರಿ ಮ್ಯಾನುಯೆಲ್, ಪಿಟೀಲಿಗೆ ಸಂಜೀವ್ ನಾಯಕ್, ಲೀಡ್ ಗಿಟಾರಿಗೆ ವರುಣ್ ಮುರಳಿ. ಹಾಡಿಗೆ ವಾಸು. ದೇಶದ ಜನ ‘ಸ್ವರಾತ್ಮ’ ಎಂದು ಗುರುತಿಸಿದ್ದು ಈ ಆರು ಮಂದಿಯನ್ನು.

ಇವರನ್ನು ಜನ ಕೇಳುವುದಕ್ಕಿಂತ ಮೊದಲು ನೋಡಿದರು. ಜೀನ್ಸು ಕಪ್ಪು ಅಂಗಿ ಹಾಕಿಕೊಂಡು ಕೂದಲು ಬೀಸುವುದು ರಾಕ್ ಎಂದುಕೊಂಡಿದ್ದ ಕಾಲದಲ್ಲಿ ಇವರು ಮುಖಕ್ಕೆ ಬಣ್ಣ ಬಳಿದುಕೊಂಡು, ಜಾತ್ರೆಯ ವೇಷದಂಥ ಉಡುಪು ತೊಟ್ಟು ವೇದಿಕೆ ಹತ್ತಿದರು. ವಾಸು ಸೊಂಟಕ್ಕೆ ಕೀಲುಕುದುರೆಯಂಥ ಕುದುರೆ ಕಟ್ಟಿಕೊಂಡು ಕುಣಿಯುತ್ತ ಬರುತ್ತಿದ್ದರು. ದಸರೆ ಮೆರವಣಿಗೆ ನೋಡಿ ಬೆಳೆದ ಮೈಸೂರಿನವನಿಗೆ ಇದು ಸಹಜ. ನಗರದ ಕೆಲವರು ಇದನ್ನು ಗಿಮಿಕ್ ಅಂದರು. ನನಗೆ ಹಾಗನಿಸುವುದಿಲ್ಲ. ವೇಷವಿಲ್ಲದೆ ರಾತ್ರಿ ಜನರ ಮುಂದೆ ನಿಂತು ಹಾಡುವುದು ನಮ್ಮ ನಾಡಿನಲ್ಲಿ ಸಭಾಭವನದ ಸಂಗೀತಗಾರರ ಪದ್ಧತಿ. ಬಯಲಿನ ಹಾಡಿಗೆ ವೇಷ ಬೇಕು.

2009ರ ಜನವರಿಯಲ್ಲಿ ಬ್ಯಾಂಡಿನದೇ ಹೆಸರಿನ ಮೊದಲ ಆಲ್ಬಂ ಬಂತು. ಅದನ್ನು ನಿರ್ಮಿಸಿಕೊಟ್ಟವರು ದೆಹಲಿಯ ‘ಇಂಡಿಯನ್ ಓಷನ್’ ಬ್ಯಾಂಡಿನ ಡ್ರಮ್ಮರ್ ಅಮಿತ್ ಕಿಲಾಂ. ಹೀಗೆ ಹಿರಿಯ ಬ್ಯಾಂಡಿನವನು ಕಿರಿಯ ಬ್ಯಾಂಡಿಗೆ ಹೆಗಲು ಕೊಡುವುದು ಸಿನಿಮಾ ಸಂಗೀತದಲ್ಲಿ ಅಪರೂಪ, ಇವರ ಲೋಕದಲ್ಲಿ ನಡೆಯುವ ಮಾತು. ಅದೇ ವರ್ಷ ಬ್ರಿಟಿಷ್ ಕೌನ್ಸಿಲ್‌ನ ‘ಸೌಂಡ್‌ಪ್ಯಾಡ್’ ಯೋಜನೆಗೆ ಭಾರತದಿಂದ ಆರಿಸಿದ ನಾಲ್ಕು ಬ್ಯಾಂಡುಗಳಲ್ಲಿ ಸ್ವರಾತ್ಮವೂ ಒಂದಾಯಿತು. ರೇಡಿಯೊಹೆಡ್, ಸ್ಟೋನ್ ರೋಸಸ್ ಬ್ಯಾಂಡುಗಳ ಹೆಸರಾಂತ ಆಲ್ಬಂಗಳನ್ನು ರೂಪಿಸಿದ್ದ ಜಾನ್ ಲೆಕಿ ಇವರ ಧ್ವನಿಮುದ್ರಣ ಮಾಡಿದರು. ಬ್ರಿಟನ್ ಪ್ರವಾಸವೂ ಆಯಿತು.

2011ರಲ್ಲಿ ‘ದ ಡ್ಯೂಯರಿಸ್ಟ್ಸ್’ ಎಂಬ ಟಿವಿ ಸರಣಿಗಾಗಿ ಇವರು ಶುಭಾ ಮುದ್ಗಲ್ ಜೊತೆ ಸೇರಿ ಹಾಡು ಕಟ್ಟಿದರು. ಶುಭಾ ಅವರಿಗೆ ಕುಮಾರ ಗಂಧರ್ವರ ಮಾರ್ಗದರ್ಶನ ದೊರೆತಿತ್ತು. ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ, 1924ರಲ್ಲಿ, ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರಾಗಿ. ಮೈಸೂರಿನ ಕುದುರೆವೇಷದ ಹುಡುಗನ ರಾಕ್ ಬ್ಯಾಂಡಿಗೂ ನಮ್ಮ ಸುಳೇಭಾವಿಗೂ ಹೀಗೆ ಸುತ್ತುಬಳಸಿನ ನಂಟು. ಅದನ್ನು ಹಿಗ್ಗಿಸಿ ಹೇಳುವುದು ಬೇಡ, ಆದರೆ ಬಿಡಲೂ ಮನಸ್ಸಿಲ್ಲ.

2012ರಲ್ಲಿ ಎರಡನೆಯ ಆಲ್ಬಂ ‘ಟೋಪಿವಾಲೆ’ ಬಂತು. ಟೋಪಿ ಹಾಕುವ ರಾಜಕಾರಣಿಗಳ ಗೇಲಿ ಒಂದು ಹಾಡಿನಲ್ಲಿದ್ದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಇನ್ನೊಂದು ಹಾಡು. ಪ್ರೀತಿ, ವಿರಹ, ಮಳೆ ಎಂಬ ಮೂರೇ ಸಂಗತಿಗಳ ಸುತ್ತ ತಿರುಗುವ ಸಿನಿಮಾ ಹಾಡಿಗೆ ಇಂಥದ್ದಕ್ಕೆಲ್ಲ ಜಾಗವಿಲ್ಲ. ಮೂರನೆಯ ಆಲ್ಬಂ ‘ರಾಹ್-ಎ-ಫಕೀರಾ’ ಬರಲು ಆರು ವರ್ಷ ಹಿಡಿಯಿತು, ಅದು 2018. ಹದಿನಾರು ವರ್ಷದಲ್ಲಿ ಮೂರು ಆಲ್ಬಂ. ಕಡಿಮೆಯಾಯಿತು ಎನ್ನುವವರು ಸ್ವಂತ ಹಾಡಿನ ಮೇಲೆ ಆರು ಸಂಸಾರ ನಡೆಸುವುದು ಎಂಥದ್ದೆಂದು ಒಮ್ಮೆ ಲೆಕ್ಕ ಹಾಕಲಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೊಂದು ತಕರಾರು. ಸ್ವರಾತ್ಮದ ಹಾಡುಗಳಲ್ಲಿ ಹಿಂದಿಯದೇ ಮೇಲುಗೈ. ಮೊದಲ ಆಲ್ಬಂನಲ್ಲಿ ‘ಈ ಭೂಮಿ’ಯಂಥ ಕನ್ನಡ ಹಾಡು ಇದೆ, ಚೆನ್ನಾಗಿಯೂ ಇದೆ. ಆದರೆ ಅವರನ್ನು ದೇಶ ಸುತ್ತಿಸಿದ್ದು ಹಿಂದಿ ಹಾಡು. ಕಾರಣ ಗೊತ್ತಿದ್ದದ್ದೇ: ಪುಣೆಯ ಸಂಗೀತೋತ್ಸವ, ದೆಹಲಿಯ ಕಾಲೇಜು, ಗುವಾಹಟಿಯ ಮೈದಾನ ಇವೆಲ್ಲ ಕರೆದರೇ ಬ್ಯಾಂಡಿನ ಹೊಟ್ಟೆ ತುಂಬುವುದು. ಯಾವ ಕಂಪನಿಯೂ ಅವರಿಗೆ ಹಿಂದಿಯಲ್ಲೇ ಹಾಡಿ ಎಂದು ಹೇಳಿರಲಿಕ್ಕಿಲ್ಲ. ಕರೆಯುವವರು ಎಲ್ಲಿದ್ದಾರೋ ಹಾಡಿನ ಭಾಷೆ ಆ ದಿಕ್ಕಿಗೆ ವಾಲುತ್ತದೆ. ಕನ್ನಡದ ಊರುಗಳು ಕರೆದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ನಾವು ನಮಗೇ ಹಾಕಿಕೊಳ್ಳಬೇಕು.

ಕನ್ನಡ ಹಾಡಿದರೆ ನಡೆಯುವುದಿಲ್ಲ ಎನ್ನುವಂತೆಯೂ ಇರಲಿಲ್ಲ. ವಾಸು ಅವರ ಅಣ್ಣ ರಘು ದೀಕ್ಷಿತ್ 1998ರಲ್ಲೇ ‘ಅಂತರಾಗ್ನಿ’ ಕಟ್ಟಿದ್ದರು. 2008ರಲ್ಲಿ ಬಂದ ಅವರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಎರಡು ಪದಗಳು ಗಿಟಾರು ಡ್ರಮ್ಸ್ ಜೊತೆ ಹೊರಟು ಇಂಗ್ಲೆಂಡಿನ ಬಿಬಿಸಿ ಸ್ಟುಡಿಯೊವರೆಗೆ ಹೋದವು. ಅದಕ್ಕೂ ಮುಂಚೆ ಸಿ. ಅಶ್ವತ್ಥ್ ಅವೇ ಪದಗಳನ್ನು ಮನೆಮನೆಗೆ ಮುಟ್ಟಿಸಿದ್ದರು. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ ನೆನಪಿರದವರು ಯಾರು? ಆದರೆ ಶರೀಫಜ್ಜ 1889ರಲ್ಲೇ ತೀರಿಕೊಂಡವರು. ಅವರ ಪದ ಹಾಡುವುದು ಸುಲಭ. ಅವರಂತೆ ಇವತ್ತಿನ ಸೋರುವ ಮಾಳಿಗೆಯ ಮೇಲೆ ಹೊಸ ಪದ ಕಟ್ಟುವುದು ಕಷ್ಟ, ಬ್ಯಾಂಡಿನ ಕೆಲಸ ಅದು.

ನದಿಯೇ ಮಾತಾಡಿದರೆ

ಸ್ವರಾತ್ಮದ ಹಾಡುಗಳಲ್ಲಿ ನನಗೆ ಹೆಚ್ಚು ಹತ್ತಿರದ್ದು ‘ಪ್ಯಾಸಿ’. ಕಾವೇರಿ ನದಿಯೇ ಹೇಳಿಕೊಳ್ಳುವಂತೆ ಕಟ್ಟಿದ ಹಾಡು. ನೀರು ಯಾರದು ಎಂದು ಎರಡು ರಾಜ್ಯಗಳು ಕೋರ್ಟಿನಲ್ಲಿ ಕಾದಾಡುವಾಗ ಬಾಯಾರಿದವಳು ನದಿಯೇ ಎನ್ನುವುದು ಅದರ ತಿರುಳು. ಕಾವೇರಿ ಗಲಾಟೆಯಲ್ಲಿ ಬಸ್ಸು ಸುಟ್ಟ ನಗರದಲ್ಲಿ ನಿಂತು, ಯಾರ ಪರವೂ ವಹಿಸದೆ ನದಿಯ ಪರ ಹಾಡುವುದಕ್ಕೆ ಗುಂಡಿಗೆ ಬೇಕು.

ಈ ಹಾಡನ್ನು ಸವದತ್ತಿಯಲ್ಲಿ ಕುಳಿತು ಕೇಳಿದರೆ ಬೇರೆಯೇ ಆಗಿ ಕೇಳುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ಮುನವಳ್ಳಿಯ ಹತ್ತಿರ ನವಿಲುತೀರ್ಥದಲ್ಲಿ ಕಟ್ಟಿ ಹಾಕಿದ್ದೇವೆ. ಹಿಂದೆ ನಿಂತ ನೀರಿಗೆ ರೇಣುಕಾಸಾಗರ ಎಂದು ದೇವಿಯ ಹೆಸರಿಟ್ಟಿದ್ದೇವೆ. ಎಷ್ಟೋ ವರ್ಷ ಆ ಸಾಗರ ತುಂಬುವುದೇ ಇಲ್ಲ. 1980ರ ಜುಲೈನಲ್ಲಿ ಇದೇ ಕಾಲುವೆಯ ನೀರು ಮತ್ತು ಕರದ ವಿಷಯಕ್ಕೆ ನರಗುಂದ, ನವಲಗುಂದದ ರೈತರು ಬೀದಿಗಿಳಿದು ಗುಂಡೇಟು ತಿಂದರು. ಕಳಸಾ-ಬಂಡೂರಿ ನಾಲೆಗಾಗಿ 2015ರಲ್ಲಿ ನರಗುಂದದಲ್ಲಿ ಹೂಡಿದ ಧರಣಿ ವರ್ಷಗಟ್ಟಲೆ ನಡೆಯಿತು. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಎಂದು ತೀರ್ಪು ಕೊಟ್ಟಿತು. ಇಷ್ಟು ದೊಡ್ಡ ಸಂಗತಿಯ ಮೇಲೆ ಗಿಟಾರು ಹಿಡಿದ ಯಾವ ಕನ್ನಡ ಬ್ಯಾಂಡೂ ಊರೂರಿನ ಜನ ಬಾಯಿಪಾಠ ಮಾಡುವಂಥ ಹಾಡು ಕೊಟ್ಟಿಲ್ಲ. ನಮ್ಮ ಕಡೆಯ ಹಳೆಯ ಮೇಳಗಳಾಗಿದ್ದರೆ ಇಷ್ಟು ಹೊತ್ತಿಗೆ ನಾಕಾರು ಲಾವಣಿ ಕಟ್ಟಿ, ಅದರ ಮೇಲೆ ಸವಾಲು-ಜವಾಬು ನಡೆಸಿ, ಸೋತವರನ್ನು ಊರು ದಾಟಿಸಿ ಬರುತ್ತಿದ್ದವು.

ರಾತ್ರಿಯಿಡೀ ನಡೆಯುವ ಜಗಳ

ಆ ಹಳೆಯ ಮೇಳ ಎಂದರೆ ಗೀಗೀ ಮೇಳ. ರಾಮದುರ್ಗ ತಾಲ್ಲೂಕಿನ ಹುಲಕುಂದ ಇದಕ್ಕೆ ಹೆಸರಾದ ಊರು. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಹುಲಕುಂದದ ಭೀಮಕವಿ ಮತ್ತು ಅವರ ಜೊತೆಗಾರರ ಗೀಗೀ ಪದಗಳು ಚರಕ, ಖಾದಿ, ಗಾಂಧಿ ಎಲ್ಲವನ್ನೂ ಓದು ಬರಹ ಬಾರದವರ ಕಿವಿಗೆ ಮುಟ್ಟಿಸಿದವು. ರಾಮದುರ್ಗ ಆಗ ಭಾವೆ ಮನೆತನದ ಸಂಸ್ಥಾನ. 1939ರ ಏಪ್ರಿಲ್‌ನಲ್ಲಿ ಅಲ್ಲಿನ ಜನ ತಮ್ಮ ಮುಖಂಡರನ್ನು ಬಿಡಿಸಲು ಸೆರೆಮನೆಗೇ ನುಗ್ಗಿ ರಕ್ತ ಹರಿದದ್ದು ಚರಿತ್ರೆ. ಅಂಥ ಕಾಲದಲ್ಲಿ, ಅಂಥ ಸೀಮೆಯಲ್ಲಿ ಸ್ವಂತ ಪದ ಕಟ್ಟಿ ಬಯಲಿನಲ್ಲಿ ಹಾಡುವುದು ಹುಡುಗಾಟವಾಗಿರಲಿಲ್ಲ.

ಗೀಗೀ ಮೇಳಕ್ಕೆ ಬೇಕಾದ ಸಾಮಾನು ಬಹಳ ಕಡಿಮೆ. ಮುಮ್ಮೇಳದವರ ಕೈಯಲ್ಲಿ ದಪ್ಪು. ಪಕ್ಕದಲ್ಲಿ ಒಬ್ಬರು ಒಂಟಿ ತಂತಿಯ ತುಂತುಣಿ ಮೀಟುತ್ತಾರೆ, ಇನ್ನೊಬ್ಬರು ತಾಳ ಹಾಕುತ್ತಾರೆ. ಹಾಡುವವರು ಸಾಲು ಮುಗಿಸುವುದಕ್ಕೇ ಕಾದಿದ್ದು ಹಿಮ್ಮೇಳ ‘ಗೀ’ ಎಂದು ಎತ್ತಿಕೊಳ್ಳುತ್ತದೆ. ಆ ಎತ್ತುಗಡೆಯ ಹೊತ್ತಿನಲ್ಲೇ ಮುಂದಿನವರು ಉಸಿರು ತೆಗೆದುಕೊಳ್ಳಬೇಕು, ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳಬೇಕು, ಇಲ್ಲವೇ ಅಲ್ಲೇ ಕಟ್ಟಬೇಕು. ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಎಂದು ವಾದಿಸಿದರೆ, ನಾಗೇಶಿಯವರು ಶಕ್ತಿ ಇಲ್ಲದೆ ಶಿವನೆಲ್ಲಿ ಎಂದು ತಿರುಗಿ ಬೀಳುತ್ತಾರೆ. ಒಂದು ಮೇಳ ಪದದಲ್ಲೇ ಪ್ರಶ್ನೆ ಎಸೆದರೆ ಇನ್ನೊಂದು ಮೇಳ ಪದದಲ್ಲೇ ಉತ್ತರಿಸಬೇಕು. ಬೆಳಗಾಗುವುದರೊಳಗೆ ಉತ್ತರ ಸಿಗದಿದ್ದರೆ ಮಾನ ಹೋಯಿತು. ನಾಗೇಶಿ ಮೇಳಗಳಲ್ಲಿ ಹೆಣ್ಣುಮಕ್ಕಳೇ ಮುಂದೆ ನಿಂತು ಹಾಡುವುದುಂಟು. ಅವರು ಗಂಡು ಮೇಳದವರ ಪುರಾಣಜ್ಞಾನವನ್ನು ಊರ ಮುಂದೆ ಬಿಚ್ಚಿ ಹಾಕುವಾಗ ಏಳುವ ಕೇಕೆ ಯಾವ ರಾಕ್ ಮೈದಾನದ ಕೇಕೆಗೂ ಕಡಿಮೆಯಿರುವುದಿಲ್ಲ.

ಲಾವಣಿಯ ಕೊನೆಗೆ ಕವಿ ತನ್ನ ಊರನ್ನು, ಗುರುವನ್ನು, ಎಷ್ಟೋ ಸಲ ತನ್ನ ಹೆಸರನ್ನೂ ಸೇರಿಸಿ ಅಂಕಿತ ಹಾಕುತ್ತಾನೆ. ಹಾಡನ್ನು ಕದ್ದು ಹಾಡುವವನೂ ಆ ಊರಿನ ಹೆಸರು ಹೇಳಿಯೇ ಮುಗಿಸಬೇಕು. ಮುದ್ರಣ ಕಂಪನಿಗಳ ಹಕ್ಕುಪತ್ರಗಳು ಇಷ್ಟು ಗಟ್ಟಿಯಾಗಿ ಯಾವ ಗೀತರಚನಕಾರನನ್ನೂ ಕಾಯ್ದಿಲ್ಲ.

ಈ ಹಾಡುಗಳ ತಾಕತ್ತು ಆಳುವವರಿಗೂ ಗೊತ್ತಿತ್ತು. ಕಿತ್ತೂರಿನ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಅರ್ಧ ಶತಮಾನ ಕಳೆದು 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಈ ಭಾಗದ ಲಾವಣಿಗಳನ್ನು ಬರೆಸಿಕೊಂಡು ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ರಾಯಣ್ಣ ಅದರಲ್ಲಿದ್ದ. ಹಲಗಲಿಯ ಬೇಡರೂ ಇದ್ದರು. ಸರಕಾರ ಹೇರಿದ ಆದಾಯ ತೆರಿಗೆಯನ್ನು ಬೈಯುವ ಲಾವಣಿಯೂ ಇತ್ತು! ಇಂಗ್ಲಿಷರ ವಿರುದ್ಧದ ಪದವನ್ನು ಇಂಗ್ಲಿಷ್ ಅಧಿಕಾರಿಯೇ ಅಚ್ಚು ಹಾಕಿಸಿ ಉಳಿಸಿದ. ಫ್ಲೀಟ್‌ನ ಕಾಲದವರೆಗೆ ಅದನ್ನು ಉಳಿಸಿದ್ದು ಮಾತ್ರ ಯಾವ ಪತ್ರಿಕೆಯೂ ಅಲ್ಲ, ಹಾಡುವವರ ಗಂಟಲು.

ಫ್ಲೀಟ್‌ನ ಸಂಗ್ರಹದಲ್ಲಿ ಸಂಗ್ಯಾನ ಲಾವಣಿಯೂ ಇತ್ತು. ಬೈಲಹೊಂಗಲದ ಸಂಗ್ಯಾ, ಬಾಳ್ಯಾ, ಗಂಗಿ, ಈರ್‍ಯಾ ಇವರ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಪರರ ಹೆಂಡತಿಯ ಮೋಹ, ಜೀವದ ಗೆಳೆಯನ ಮೋಸ, ಕೊನೆಗೆ ಕೊಲೆ. ಪತ್ತಾರ ಮಾಸ್ತರರ ಹೆಸರಿನಲ್ಲಿ ರೂಢಿಯಾದ ‘ಸಂಗ್ಯಾ-ಬಾಳ್ಯಾ’ ಸಣ್ಣಾಟವಾಗಿ ಊರೂರು ಸುತ್ತಿತು. ಘೋಡಗೇರಿಯ ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಪುಸ್ತಕವಾಗಿಸಿದರು. ಮುಂದೆ ಸಿನಿಮಾವೂ ಆಯಿತು. ದೇವರಿಲ್ಲ, ರಾಜನಿಲ್ಲ, ಪುರಾಣವಿಲ್ಲ. ಪೇಟೆಯಲ್ಲಿ ನಡೆದ ಒಂದು ಕೊಲೆಯನ್ನು ಎತ್ತಿಕೊಂಡು ರಾತ್ರಿಯಿಡೀ ಹಾಡುವ ಧೈರ್ಯ ಆ ಕಾಲದ ಬೈಲಹೊಂಗಲಕ್ಕಿತ್ತು. ಇವತ್ತಿನ ಯಾವ ಬ್ಯಾಂಡು ತನ್ನದೇ ಊರಿನ ಕೊಲೆಯನ್ನು ಹೆಸರು ಹಿಡಿದು ಹಾಡೀತು?

ಚೌಡಿಕಿಯ ತಂತಿ

ಬೇಸ್ ಗಿಟಾರು ಎಂದರೆ ಏನು ಎಂದು ನಮ್ಮ ಕಡೆಯವರಿಗೆ ತಿಳಿಸಿ ಹೇಳಬೇಕಾಗಿಲ್ಲ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರೆಲ್ಲ ಚೌಡಿಕಿ ಕೇಳಿರುತ್ತಾರೆ. ಒಂದು ಗುಂಡನೆಯ ಕೊಳಗದಂಥ ಪಾತ್ರೆ. ಅದರ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ. ಚರ್ಮದ ನಡುವಿನಿಂದ ಹೊರಟ ತಂತಿ ಪಕ್ಕದ ಕೋಲಿನ ತುದಿಗಿರುವ ಬಿರಡೆಗೆ ಹೋಗಿ ಸುತ್ತಿಕೊಳ್ಳುತ್ತದೆ. ಒಂದು ಕೈಯಿಂದ ಮೀಟುತ್ತ, ತಂತಿಯ ಬಿಗಿಯನ್ನು ಏರಿಳಿಸುತ್ತ ಹೋದರೆ ಒಂದೇ ತಂತಿಯಲ್ಲಿ ಸ್ವರ ಜಾರುತ್ತದೆ, ನರಳುತ್ತದೆ, ಪ್ರಶ್ನೆ ಕೇಳುತ್ತದೆ. ತಾಳವೂ ಅದೇ, ಶ್ರುತಿಯೂ ಅದೇ. ಬನದ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ‘ಉಧೋ ಉಧೋ’ ಎನ್ನುವ ಗದ್ದಲದ ನಡುವೆಯೂ ಚೌಡಿಕಿಯ ಸದ್ದು ಎದೆಯ ಕೆಳಗೆ ಎಲ್ಲೋ ಬಂದು ತಟ್ಟುತ್ತದೆ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಇದನ್ನು ಯಾರು ಯೋಚಿಸಿ ಮಾಡಿದರೋ, ಅವರಿಗೆ ಕಿವಿ ಇತ್ತು.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಚೌಡಿಕಿ ಹಿಡಿದ ಎಷ್ಟೋ ಜೋಗತಿಯರು ಹಾಡನ್ನು ಆರಿಸಿಕೊಂಡವರಲ್ಲ. ಮುತ್ತು ಕಟ್ಟಿಸಿಕೊಂಡ ಮೇಲೆ ಅವರಿಗೆ ಬೇರೆ ದಾರಿ ಇರಲಿಲ್ಲ. ದೇವದಾಸಿ ಪದ್ಧತಿಯನ್ನು ನಿಷೇಧಿಸಲು ರಾಜ್ಯಕ್ಕೆ 1982ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಹಾಗಾಗಿ ಗಿಟಾರಿನ ಪಕ್ಕ ಚೌಡಿಕಿ ಇಟ್ಟು ಫೋಟೊ ತೆಗೆಸಿಕೊಳ್ಳುವ ನಗರದ ಸಂಗೀತಗಾರರನ್ನು ಕಂಡರೆ ನನಗೆ ಸ್ವಲ್ಪ ಕಸಿವಿಸಿ. ಆ ವಾದ್ಯ ಬೇಕಿದ್ದರೆ ಅದನ್ನು ನುಡಿಸುವವರನ್ನೂ ಬ್ಯಾಂಡಿಗೆ ಸೇರಿಸಿಕೊಳ್ಳಿ, ಗಳಿಕೆಯಲ್ಲಿ ಸಮಪಾಲು ಕೊಡಿ.

ಜನರೇಟರ್, ಶಾಲು, ಹಾರ

ಇನ್ನು ವೇದಿಕೆಯ ಮಾತು. ಚೆನ್ನಮ್ಮ 1824ರ ಅಕ್ಟೋಬರ್ 23ರಂದು ಥ್ಯಾಕರೆಯನ್ನು ಸೋಲಿಸಿದ ನೆನಪಿಗೆ ಪ್ರತಿವರ್ಷ ಕಿತ್ತೂರು ಉತ್ಸವ ನಡೆಯುತ್ತದೆ. 2024ರಲ್ಲಿ ಆ ವಿಜಯಕ್ಕೆ ಇನ್ನೂರು ತುಂಬಿತು. ಉತ್ಸವದಲ್ಲಿ ಹಗಲು ಜಾನಪದ ತಂಡಗಳು ಮೆರವಣಿಗೆಯಲ್ಲಿ ಕುಣಿಯುತ್ತವೆ. ರಾತ್ರಿ, ಜನ ಸೇರುವ ಹೊತ್ತಿಗೆ, ಸಿನಿಮಾ ಗಾಯಕರು ಬರುತ್ತಾರೆ. ಕಿತ್ತೂರಿಗೆ ಮಾತ್ರ ಈ ಮಾತು ಸಲ್ಲುವುದಿಲ್ಲ, ನಾಡಿನ ಎಲ್ಲ ಉತ್ಸವಗಳ ಹಣೆಬರಹ ಇದೇ. ಸ್ವಂತ ಹಾಡು ಹಾಡುವವರಿಗೆ ಬಿಸಿಲು, ಕಂಡವರ ಹಾಡು ಹಾಡುವವರಿಗೆ ದೀಪ.

ಊರ ಜಾತ್ರೆಗೆ ರಾಕ್ ಬ್ಯಾಂಡು ಕರೆಸುವುದು ಸುಲಭವಲ್ಲ ಎಂಬುದೂ ನಿಜ. ಡ್ರಮ್ಸ್ ಜೋಡಿಸಬೇಕು, ಒಂದೊಂದು ವಾದ್ಯಕ್ಕೆ ಬೇರೆ ಮೈಕು, ಆಂಪ್ಲಿಫೈಯರು, ಹಾಡುವವರಿಗೆ ತಮ್ಮ ದನಿ ತಮಗೆ ಕೇಳಲು ಎದುರಿಗೆ ಮಾನಿಟರು. ಎರಡು ತಾಸಾದರೂ ಸೌಂಡ್ ಚೆಕ್ ಆಗಬೇಕು. ಸಂಜೆಯ ಕರೆಂಟು ನಂಬುವ ಹಾಗಿಲ್ಲ, ಜನರೇಟರ್ ಬೇಕು. ನಮ್ಮ ವೇದಿಕೆಗಳಲ್ಲಿ ಆ ಎರಡು ತಾಸು ಸನ್ಮಾನಕ್ಕೆ ಹೋಗುತ್ತದೆ. ದೇಣಿಗೆ ಕೊಟ್ಟವರು, ಕೊಡಬಹುದಾದವರು, ಕೊಡದೇ ಬಂದವರು ಎಲ್ಲರಿಗೂ ಶಾಲು, ಹಾರ, ಫಲಪುಷ್ಪ. ಅದು ಮುಗಿಯುವಷ್ಟರಲ್ಲಿ ಹತ್ತು ಗಂಟೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಪೊಲೀಸರು ಬಂದು ಕೈಸನ್ನೆ ಮಾಡುತ್ತಾರೆ. ಗೀಗೀ ಮೇಳಕ್ಕೆ ಈ ಯಾವ ತಾಪತ್ರಯವೂ ಇಲ್ಲ. ಮೈಕು ಆರಿಸಿದ ಮೇಲೂ ಅದು ನಡೆದೀತು.

ಈ ನಡುವೆ ನಮ್ಮ ಹುಡುಗರು ಯಾರ ವೇದಿಕೆಗೂ ಕಾಯದೆ ಬೇರೆ ದಾರಿ ಹಿಡಿದುಬಿಟ್ಟಿದ್ದಾರೆ. ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ಹಾಡಿದ ‘ನಾ ಡ್ರೈವರಾ’ ಟ್ರ್ಯಾಕ್ಟರುಗಳಲ್ಲಿ, ಮದುವೆಗಳಲ್ಲಿ, ಕೊನೆಗೆ ಬೆಂಗಳೂರಿನ ಮಾಲ್‌ಗಳಲ್ಲೂ ಮೊಳಗಿತು. ಹಾಡಿದವರು 2025ರಲ್ಲಿ ಬಿಗ್‌ ಬಾಸ್ ಮನೆಗೂ ಹೋಗಿ ಬಂದರು. ದೊಡ್ಡ ಕಂಪನಿಯ ಆಸರೆ ಇರಲಿಲ್ಲ. ಸಣ್ಣ ಸ್ಟುಡಿಯೊ, ಯೂಟ್ಯೂಬು, ಡಿಜೆ ಇಷ್ಟೇ ಬಂಡವಾಳ. ಹಾಡಿದವನ ಹೆಸರಿನ ಜೊತೆ ಊರ ಹೆಸರು ಇಲ್ಲಿಯೂ ಅಂಟಿಕೊಂಡೇ ಬರುತ್ತದೆ, ಲಾವಣಿಯ ಅಂಕಿತದ ಹಾಗೆ. ಸ್ವರಾತ್ಮದಂಥ ಬ್ಯಾಂಡು ಹತ್ತು ವರ್ಷ ಹೆಣಗಿ ಗಳಿಸಿದ ಸ್ವಾತಂತ್ರ್ಯವನ್ನು ಇವರು ಒಂದು ಫೋನಿನಲ್ಲಿ ಪಡೆದರು.

ಪಡೆದು ಏನು ಮಾಡಿದರು ಎಂಬುದು ಮುಂದಿನ ಮಾತು. ಇವತ್ತಿನ ಡಿಜೆ ಜಾನಪದದಲ್ಲಿ ಹತ್ತಕ್ಕೆ ಒಂಬತ್ತು ಹಾಡು ಒಂದೇ ಹೊಡೆತದ ಮೇಲೆ ಓಡುತ್ತವೆ. ಕೈಕೊಟ್ಟ ಹುಡುಗಿಯನ್ನು ಬೈಯುವುದು, ಇಲ್ಲದಿದ್ದರೆ ಗಾಡಿಯ ಹೊಗಳಿಕೆ. ಕಬ್ಬಿನ ಬಾಕಿ ಬಿಲ್ಲಿನ ಮೇಲೆ, ರೇಣುಕಾಸಾಗರದ ಮೇಲೆ, ಊರು ಬಿಟ್ಟು ಗೋವೆಗೆ ದುಡಿಯಲು ಹೋದವರ ಮೇಲೆ ಹಾಡು ಸಿಗುವುದು ಅಪರೂಪ. ಬ್ಯಾಂಡಿನವರ ಹತ್ತಿರ ಹೇಳುವ ಸಂಗತಿ ಇದೆ, ನಮ್ಮ ಭಾಷೆ ಸಾಲದು. ಇವರ ಹತ್ತಿರ ಭಾಷೆ ಭರ್ಜರಿಯಾಗಿದೆ, ಸಂಗತಿ ಸಾಲದು. ಗೀಗೀ ಮೇಳದವರ ಹತ್ತಿರ ಎರಡೂ ಇವೆ, ಕೇಳುವವರು ಮನೆಗೆ ಹೋಗಿಬಿಟ್ಟಿದ್ದಾರೆ.

ಮೂವರನ್ನೂ ಒಂದು ರಾತ್ರಿ ಒಂದು ಕಡೆ ಕೂಡಿಸಲು ಸಾಧ್ಯವಿರುವುದು ಬೆಂಗಳೂರಿಗಲ್ಲ, ನಮ್ಮ ಜಾತ್ರಾ ಕಮಿಟಿಗಳಿಗೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಮಿಟಿಯ ಹಿರಿಯರಲ್ಲಿ ಹಾಗಾಗಿ ನನ್ನದೊಂದು ಬಿನ್ನಹ. ಮುಂದಿನ ಜಾತ್ರೆಗೆ ಆರ್ಕೆಸ್ಟ್ರಾಕ್ಕೆಂದು ಎತ್ತಿಟ್ಟ ದುಡ್ಡಿನಲ್ಲಿ ಒಂದು ಪಾಲು ತೆಗೆದು, ತಮ್ಮ ಹಾಡು ತಾವೇ ಕಟ್ಟುವ ಒಂದು ಬ್ಯಾಂಡನ್ನೂ ಒಂದು ಗೀಗೀ ಮೇಳವನ್ನೂ ಒಂದೇ ವೇದಿಕೆಗೆ ಕರೆಯಿರಿ. ಡಿಜೆ ಹುಡುಗರಿದ್ದರೆ ಅವರೂ ಬರಲಿ. ಒಂದು ವಿಷಯ ಕೊಡಿ, ಮಲಪ್ರಭೆಯೇ ಆಗಲಿ, ಸವಾಲು-ಜವಾಬು ನಡೆಯಲಿ. ಹ್ಯಾಂಡ್‌ಬಿಲ್ಲಿನಲ್ಲಿ ದಾನಿಗಳ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಹಾಡುವವರ ಹೆಸರು, ಊರು ಅಚ್ಚಾಗಲಿ. ಸನ್ಮಾನಗಳನ್ನು ಸಂಜೆ ಏಳರೊಳಗೆ ಮುಗಿಸಿ. ಹಾಡಿದವರ ಸಂಭಾವನೆಯನ್ನು ಅದೇ ರಾತ್ರಿ ಅವರ ಕೈಗೇ ಎಣಿಸಿ ಕೊಡಿ.